ತುಟಿ ನಡುವಿನ ದಾರ

ಇರ್ಮಾ ವಾಸ್ಲರ್ ಹನ್ನೊಂದು ವರ್ಷದಿಂದ ಗ್ರಬೆಕ್ ಸಾಹೇಬರಿಗೆ ಕುರಿ ಬಲಿ ಕೊಡುತ್ತ ಬಂದಿದ್ದಳು. ಸಿನಿಮಾ ಒಂದಕ್ಕೆ ಎರಡು ಕುರಿ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಕುರಿ ಅಂದರೆ ಮೇಯುವ ಕುರಿಯಲ್ಲ. ಹಾಲಿವುಡ್ಡಿನ ಸಂಕಲನದ ಕೋಣೆಗಳಲ್ಲಿ ಅವಳ ಹಾಗೆ ಕತ್ತರಿ ಹಿಡಿದು ಕೂತವರು ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಿದ್ದ ಮಾತು ಅದು. ಸೆನ್ಸಾರ್ ಕಚೇರಿಯವರು ನೋಡಿ ‘ಛೀ, ತೆಗೀರಿ’ ಅನ್ನಲೆಂದೇ ಒಂದು ಉದ್ದನೆಯ ಮುತ್ತನ್ನೋ, ಮೊಣಕಾಲ ಮೇಲಕ್ಕೆ ಸರಿದ ಲಂಗವನ್ನೋ ಬೇಕಂತಲೇ ಸೇರಿಸಿಡುವುದು. ಅವರು ಅದನ್ನು ಹಿಡಿಯುತ್ತಾರೆ, ಇವರು ಮುಖ ಹುಳ್ಳಗೆ ಮಾಡಿಕೊಂಡು ಕತ್ತರಿಸುತ್ತಾರೆ. ಅವರಿಗೆ ಕೆಲಸ ಮಾಡಿದ ತೃಪ್ತಿ. ಇವರು ನಿಜವಾಗಿ ಉಳಿಸಿಕೊಳ್ಳಬೇಕೆಂದಿದ್ದು ಪಕ್ಕದಲ್ಲೇ ತಣ್ಣಗೆ ಪಾರಾಗುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಷ್ಟೆ.

ಸೆನ್ಸಾರಿನ ಗ್ರಬೆಕ್ ಅಂದರೆ ಒಂದು ಕಪ್ಪು ಕೋಟು, ಒಂದು ಮೊಂಡು ಪೆನ್ಸಿಲ್, ಜೇಬಿನ ತುಂಬ ಪೆಪ್ಪರಮಿಂಟು. ಷಿಕಾಗೋದ ಪೋಲಿಷ್ ಕೇರಿಯಲ್ಲಿ ಹುಟ್ಟಿ ಬೆಳೆದವರು, ಅರವತ್ತರ ಹತ್ತಿರ ಬಂದರೂ ಮದುವೆಯಾಗಿರಲಿಲ್ಲ, ಒಂದು ಬೆಳಗ್ಗೆಯೂ ಇಗರ್ಜಿ ತಪ್ಪಿಸಿದವರಲ್ಲ. ಲಾಸ್ ಏಂಜಲೀಸಿನ ಆ ಸುಡುಬಿಸಿಲಿನಲ್ಲೂ ಕೋಟಿನ ಒಂದು ಗುಂಡಿ ಬಿಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ಸ್ಟುಡಿಯೋಗೆ ಬಂದು, ಸಿನಿಮಾ ನೋಡಿ, ಪೆನ್ಸಿಲಿನಲ್ಲಿ ಗೀಚಿಕೊಂಡು, ‘ನಮಸ್ಕಾರ’ ಅಂದು ಹೋಗುವುದು. ಒಂದು ವಾರದೊಳಗೆ ಪತ್ರ ಬರುವುದು: ಇಂಥ ರೀಲಿನಲ್ಲಿ ಇಂಥದ್ದು ತೆಗೆಯತಕ್ಕದ್ದು. ಅವರ ಮುದ್ರೆ ಬೀಳದೆ ಯಾವ ದೊಡ್ಡ ಥಿಯೇಟರೂ ಸಿನಿಮಾ ಹಾಕುತ್ತಿರಲಿಲ್ಲ. ‘ಪಾಪದ ಮುದುಕ, ಇದ್ದಲ್ಲಿ ನೋಡಲ್ಲ, ತೋರಿಸಿದಲ್ಲಿ ನೋಡ್ತಾನೆ’ ಎಂದು ಇರ್ಮಾ ಮನೆಯಲ್ಲಿ ನಗಾಡುತ್ತಿದ್ದಳು.

ಮನೆಯಲ್ಲಿ ಅಂದರೆ ಫ್ರೀಡಾಳ ಎದುರು. ಫ್ರೀಡಾ ಸಾಲ್ಟ್ಸ್‌ಮನ್ ಬೀದಿಯ ಮಕ್ಕಳಿಗೆ ಪಿಯಾನೋ ಹೇಳಿಕೊಡುವವಳು, ನ್ಯೂಯಾರ್ಕಿನ ಯಹೂದಿ ದರ್ಜಿಯೊಬ್ಬನ ಮಗಳು. ಹದಿನೆಂಟು ವರ್ಷದಿಂದ ಇಬ್ಬರೂ ಒಂದೇ ಮನೆಯಲ್ಲಿದ್ದರು. ಅಕ್ಕಪಕ್ಕದವರಿಗೆ ಹೇಳಿದ್ದು, ಫ್ರೀಡಾ ಇರ್ಮಾಳ ದೊಡ್ಡಮ್ಮನ ಮಗಳು ಅಂತ. ಒಬ್ಬಳು ಓಹಾಯೋದ ಜರ್ಮನ್ ಕಸಾಯಿಯ ಮಗಳು, ಇನ್ನೊಬ್ಬಳು ಯಹೂದಿ, ಎಲ್ಲಿಯ ದೊಡ್ಡಮ್ಮ? ಆದರೂ ಮನೆ ಮಾಲೀಕಳು ನಂಬಿದ್ದಳು, ಅಥವಾ ನಂಬುವುದೇ ಒಳ್ಳೆಯದು ಅಂದುಕೊಂಡಿದ್ದಳು. ವರ್ಷಕ್ಕೊಮ್ಮೆ ಮಾತ್ರ, ‘ಅಕ್ಕತಂಗೀರು ಇಬ್ಬರೂ ಹೀಗೇ ಉಳಿದುಬಿಟ್ಟಿರಲ್ಲ’ ಎಂದು ಕನಿಕರ ತೋರಿಸಿ ಹೋಗುತ್ತಿದ್ದಳು.

ಫ್ರೀಡಾಗೆ ಸಿನಿಮಾದ ಹುಚ್ಚು. ಶನಿವಾರ ಮಧ್ಯಾಹ್ನ ತಪ್ಪಿಸುವವಳಲ್ಲ. ನೋಡುವ ರೀತಿಯೇ ಬೇರೆ. ನಾಯಕ ನಾಯಕಿ ಮುತ್ತಿಡುವಾಗ ಅವಳ ಕಣ್ಣು ಪರದೆಯ ಮೂಲೆಯಲ್ಲಿರುತ್ತಿತ್ತು. ನಾಯಕಿಯ ಗೆಳತಿ ಕೈಗವಸು ಕಳಚಿದ್ದು ಯಾಕೆ ಅಷ್ಟು ನಿಧಾನ? ಆ ಜೈಲಿನ ಕಾವಲು ಹೆಂಗಸು ಹೊಸ ಕೈದಿಯನ್ನು ನೋಡಿದ್ದು ಹೇಗೆ? ಎಲ್ಲರೂ ಅನ್ನದಲ್ಲಿ ಕಲ್ಲು ಹುಡುಕುತ್ತಾರೆ, ನಾನು ಕಲ್ಲಿನಲ್ಲಿ ಅನ್ನ ಹುಡುಕುತ್ತೀನಿ ಅನ್ನುತ್ತಿದ್ದಳು. ಸಿಗುವುದು ಅಪರೂಪ. ಸಿಕ್ಕರೂ ಆ ಹೆಂಗಸು ಕೊನೆಯ ರೀಲಿನಲ್ಲಿ ಕೊಲೆ ಮಾಡಿರುತ್ತಿದ್ದಳು, ಇಲ್ಲವೇ ಮಹಡಿಯಿಂದ ಬಿದ್ದು ಸತ್ತಿರುತ್ತಿದ್ದಳು.

‘ನಮ್ಮಂಥೋರು ಒಬ್ಬರಿಗೊಬ್ಬರು ಒಂದು ಒಳ್ಳೇದು ಮಾಡ್ಕೊಂಡಿದ್ದನ್ನ ಒಂದ್ಸಲ ನೋಡಿಬಿಟ್ರೆ ಸಾಕು ಕಣೇ’ ಎಂದು ಒಮ್ಮೆ ಮನೆಗೆ ಬರುವ ಬಸ್ಸಿನಲ್ಲಿ ಹೇಳಿದ್ದಳು. ‘ಸಾಯೋದು ಬೇಡ, ಮುತ್ತೂ ಬೇಡ. ಒಂದು ಕಪ್ ಕಾಫಿ ಕೊಟ್ರೂ ಸಾಕು.’

ಆ ಮಾತು ಇರ್ಮಾಳ ಎದೆಯಲ್ಲಿ ಕೂತುಬಿಟ್ಟಿತು.

ಸಾವಿರದ ಒಂಬೈನೂರ ಐವತ್ತಮೂರರ ವಸಂತದಲ್ಲಿ ಅವಳ ಮೇಜಿಗೆ ಒಂದು ಕುದುರೆ ಸಿನಿಮಾ ಬಂತು. ಹತ್ತು ವರ್ಷ ಒಟ್ಟಿಗೆ ದನ ಕಾಯ್ದ ಇಬ್ಬರು ಗೆಳೆಯರು, ಒಬ್ಬನಿಗೆ ಊರಿನ ಟೀಚರಮ್ಮನ ಜೊತೆ ಮದುವೆ, ಆಮೇಲೆ ಬಂದೂಕು, ಧೂಳು, ಅದೇ ಹಳೇ ಪುರಾಣ. ಬೇಡವಾದ ತುಂಡುಗಳನ್ನು ನೇತುಹಾಕುವ ಬಟ್ಟೆಯ ತೊಟ್ಟಿಯಲ್ಲಿ ಒಂದು ದಿನ ಯಾವುದೋ ಕುದುರೆಯ ಕಾಲು ಹುಡುಕುತ್ತಿದ್ದಾಗ ಅವಳ ಕೈಗೆ ಉದ್ದನೆಯದೊಂದು ತುಂಡು ಸಿಕ್ಕಿತು. ಮದುವೆಯ ಬೆಳಗಿನ ದೃಶ್ಯ ತೆಗೆಯುವಾಗ ಸೂರ್ಯನಿಗೆ ಮೋಡ ಅಡ್ಡ ಬಂದು, ಎಲ್ಲರೂ ಕಾಯುತ್ತಿದ್ದಾಗ ಕ್ಯಾಮರಾ ತನ್ನ ಪಾಡಿಗೆ ಓಡಿತ್ತು. ಮದುವೆ ಗಂಡಿನ ಪಾತ್ರದವನ ಅಂಗಿಯ ಗುಂಡಿ ನಿಜಕ್ಕೂ ಕಿತ್ತು ಬಂದಿತ್ತು. ಗೆಳೆಯನ ಪಾತ್ರದವನು ಹಿಂದೆ ನೌಕಾಪಡೆಯಲ್ಲಿದ್ದವನು, ಸೂಜಿದಾರ ಜೇಬಿನಲ್ಲೇ ಇಟ್ಟುಕೊಂಡಿರುವ ಮನುಷ್ಯ. ಅವನು ದಾರದ ಒಂದು ತುಣುಕು ಕಡಿದು ಮೊದಲು ಗಂಡಿನ ತುಟಿಗಳ ನಡುವೆ ಇಟ್ಟ. ಆಮೇಲೆ ಅಂಗಿ ಮೈಮೇಲಿದ್ದ ಹಾಗೆಯೇ ಗುಂಡಿ ಹೊಲಿದ. ಬಗ್ಗಿ, ಎದೆಗೆ ಬಾಯಿ ತಾಗುವಷ್ಟು ಹತ್ತಿರ ಬಂದು, ದಾರವನ್ನು ಹಲ್ಲಿನಿಂದ ಕಡಿದ. ಕೊನೆಗೆ ಎರಡು ಬೆರಳಿನಲ್ಲಿ ಗಂಡಿನ ತುಟಿಯಿಂದ ಆ ದಾರದ ತುಣುಕನ್ನು ಮೆಲ್ಲಗೆ ತೆಗೆದ. ಗಂಡು ಅವನನ್ನು ನೋಡಿದ. ನಡುವಿನ ಹೊಲಿಗೆಯನ್ನು ಕತ್ತರಿಸಿದರೆ ಒಟ್ಟು ಹದಿನೆಂಟು ಸೆಕೆಂಡು.

ಇರ್ಮಾ ಕುರ್ಚಿಯ ಮೇಲೆ ಹಾಗೇ ಕೂತುಬಿಟ್ಟಳು. ಅವಳ ಕೋಟಿನ ಗುಂಡಿ ಕಿತ್ತಾಗಲೆಲ್ಲ ಫ್ರೀಡಾ ಮಾಡುತ್ತಿದ್ದುದು ಇದನ್ನೇ. ‘ಮೈಮೇಲಿರೋ ಬಟ್ಟೆ ಹೊಲಿಸಿಕೊಳ್ಳೋದು ಹೆಣ ಒಂದೇ. ನೀನು ದಾರ ಕಚ್ಕೊ. ನೀನಿನ್ನೂ ಬದುಕಿದೀಯ ಅಂತ ಯಮದೂತನಿಗೆ ಗೊತ್ತಾಗ್ಲಿ’ ಎಂದು ಬಾಯಿಗೆ ದಾರ ತುರುಕುತ್ತಿದ್ದಳು. ಅವಳ ಅಪ್ಪನ ಅಂಗಡಿಯಿಂದ ಬಂದ ಪದ್ಧತಿ. ದಾರ ಬೀಳುತ್ತದೆಂದು ಹೊಲಿದು ಮುಗಿಯುವ ತನಕ ಮಾತಾಡುವ ಹಾಗಿಲ್ಲ. ಹದಿನೆಂಟು ವರ್ಷದಲ್ಲಿ ಇರ್ಮಾ ಬಾಯಿ ಮುಚ್ಚಿಕೊಂಡು ಕೂತದ್ದು ಆಗ ಮಾತ್ರ ಎಂದು ಫ್ರೀಡಾ ಹಂಗಿಸುತ್ತಿದ್ದಳು.

ಇರ್ಮಾ ಆ ತುಂಡನ್ನು ಆರನೇ ರೀಲಿಗೆ, ಮದುವೆಗೆ ಮುಂಚೆ, ಅಂಟಿಸಿದಳು. ನಿರ್ದೇಶಕ ಬಂದು ನೋಡಿದ. ಅವತ್ತು ಸೂರ್ಯ ಬರೋದು ತುಂಬಾ ತಡ ಆಯ್ತು ಅಂದ, ಸಿಗರೇಟು ಹಚ್ಚಿದ, ಹೋದ. ತೆಗಿ ಅನ್ನಲಿಲ್ಲ. ಆ ಕಾಲದಲ್ಲಿ ಕೆಲಸ ನಡೆಯುತ್ತಿದ್ದುದೇ ಹಾಗೆ. ಗೊತ್ತಿದ್ದವರು ಗೊತ್ತಿಲ್ಲದವರ ಹಾಗಿರುವುದು.

ಫ್ರೀಡಾಗೆ ಅವಳು ಒಂದಕ್ಷರ ಹೇಳಲಿಲ್ಲ. ಥಿಯೇಟರಿನಲ್ಲಿ, ಆಳೆತ್ತರದ ಪರದೆಯ ಮೇಲೆ, ಒಮ್ಮೆಲೇ ಕಾಣಲಿ ಅಂತ ಅವಳ ಆಸೆ. ಆದರೆ ಆಸೆಯ ಬೆನ್ನಿಗೇ ಭಯವೂ ಬಂತು. ಹಿಂದಿನ ವರ್ಷವಷ್ಟೇ ಎದುರು ಕೋಣೆಯ ಸಂಕಲನಕಾರನೊಬ್ಬನನ್ನು ಪೊಲೀಸರು ಗಂಡಸರು ಗಂಡಸರನ್ನೇ ಹುಡುಕಿ ಬರುವ ಒಂದು ಬಾರಿನಲ್ಲಿ ಹಿಡಿದು, ಹೆಸರು ಪೇಪರಿನಲ್ಲಿ ಬಂದು, ಮರುದಿನ ಅವನ ಕತ್ತರಿಗಳು ರಟ್ಟಿನ ಡಬ್ಬದಲ್ಲಿ ಗೇಟಿನ ಹತ್ತಿರ ಇದ್ದವು. ಎಲ್ಲರ ಒಪ್ಪಂದದಲ್ಲೂ ನಡತೆ ಕೆಟ್ಟರೆ ಕೆಲಸ ಹೋಯಿತು ಎಂಬ ಒಂದು ಸಾಲಿರುತ್ತಿತ್ತು. ಆ ತುಂಡನ್ನು ಯಾರು ಸೇರಿಸಿದರು ಎಂಬ ಪ್ರಶ್ನೆ ಎದ್ದರೆ, ಯಾಕೆ ಸೇರಿಸಿದರು ಎಂಬುದೂ ಏಳುತ್ತದೆ. ಇರ್ಮಾ ಹೆದರಿ ಹೆದರಿ ಆ ಸಿನಿಮಾದಲ್ಲಿ ಐದು ಕುರಿ ಕಟ್ಟಿದಳು. ಮಧುಶಾಲೆಯ ಹುಡುಗಿ ತೊಟ್ಟಿಯಲ್ಲಿ ಸ್ನಾನ ಮಾಡುವುದು, ಎಂಟು ಸೆಕೆಂಡಿನ ಮುತ್ತು, ಒಂದು ಪೋಲಿ ಹಾಡು, ಒಂದು ಬೈಗುಳ, ಸಾಲದ್ದಕ್ಕೆ ಟೀಚರಮ್ಮನ ಒದ್ದೆ ರವಿಕೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಯಾರೂ ಕಳ್ಳ ಅನ್ನುವುದಕ್ಕೆ ಮುಂಚೆಯೇ ಇವಳು ಎರಡೂ ಹೆಗಲು ಮುಟ್ಟಿಕೊಂಡಿದ್ದಳು.

ಗ್ರಬೆಕ್ ಬಂದರು, ಪ್ರೊಜೆಕ್ಷನ್ ಕೋಣೆಯ ಮೂರನೇ ಸಾಲಿನಲ್ಲಿ ಕೂತರು, ಪೆಪ್ಪರಮಿಂಟು ಬಾಯಿಗೆ ಹಾಕಿಕೊಂಡರು. ಪದ್ಧತಿಯಂತೆ ಇರ್ಮಾ ಹಿಂದಿನ ಸಾಲಿನಲ್ಲಿದ್ದಳು. ಪೆನ್ಸಿಲ್ ಐದು ಸಲ ಗೀಚಿದ್ದು ಕೇಳಿಸಿತು. ಆರನೇ ರೀಲು ಸದ್ದಿಲ್ಲದೆ ದಾಟಿಹೋಯಿತು. ಅವಳು ಉಸಿರು ಬಿಟ್ಟಳು. ದೀಪ ಹತ್ತಿತು. ಗ್ರಬೆಕ್ ಏಳಲಿಲ್ಲ.

‘ಮಿಸ್ ವಾಸ್ಲರ್, ನೀವು ನನಗೆ ಯಾವಾಗ್ಲೂ ಎರಡು ಹಾಕ್ತೀರಿ’ ಎಂದರು, ತಿರುಗದೆ. ‘ಇವತ್ತು ಐದು ಹಾಕಿದ್ದೀರಿ.’

‘ಏನು ಐದು, ಸಾಹೇಬ್ರೇ?’

‘ನಿಮ್ಮಲ್ಲಿ ಅದಕ್ಕೇನಂತಾರೋ ಗೊತ್ತಿಲ್ಲ. ನಮ್ಮ ಕಚೇರೀಲಿ ಎಲುಬು ಅಂತೀವಿ. ನಾಯಿಗೆ ಹಾಕೋದಲ್ವೇ ಅದು. ಐದು ಎಲುಬು ಹಾಕಿದ್ದೀರಿ ಅಂದ್ರೆ ಮನೆಯೊಳಗೆ ದೊಡ್ಡದೇನೋ ಇದೆ.’

ಹನ್ನೊಂದು ವರ್ಷ ಇರ್ಮಾ ಯಾರನ್ನು ಬೆಪ್ಪ ಅಂದುಕೊಂಡಿದ್ದಳೋ ಆ ಮನುಷ್ಯ ಹನ್ನೊಂದು ವರ್ಷವೂ ಲೆಕ್ಕ ಇಟ್ಟಿದ್ದರು. ಗ್ರಬೆಕ್ ಆರನೇ ರೀಲನ್ನು ಮತ್ತೆ ಹಾಕಲು ಹೇಳಿದರು. ಮುಗಿದ ಮೇಲೆ ಇನ್ನೊಮ್ಮೆ. ಎರಡನೇ ಸಲ ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದನ್ನು ಅವಳು ಹಿಂದಿನಿಂದ ನೋಡಿದಳು.

‘ಬಾಯಿಗೆ ದಾರ ಕೊಡೋಕೆ ಯಾರು ಹೇಳಿಕೊಟ್ಟಿದ್ದು?’ ಎಂದು ಕೇಳಿದರು.

ಯಾರೂ ಇಲ್ಲ, ಅದು ನಟನೆ ಅಲ್ಲವೇ ಅಲ್ಲ, ಅವರಾಗಿಯೇ ಮಾಡಿದ್ದು ಎಂದು ಇರ್ಮಾ ತೊದಲಿದಳು. ಮುಂದಿನ ದೃಶ್ಯದಲ್ಲಿ ಅಂಗಿಗೆ ಗುಂಡಿ ಇದೆ, ಅದಕ್ಕೇ ಇದು ಬೇಕಾಯಿತು ಎಂದು ಒಂದು ಸುಳ್ಳನ್ನೂ ಸೇರಿಸಿದಳು. ಗ್ರಬೆಕ್ ಸುಳ್ಳನ್ನು ಕೇಳಿಸಿಕೊಳ್ಳಲೇ ಇಲ್ಲ.

‘ನಮ್ಮಮ್ಮ ಕೊಡ್ತಿದ್ದಳು’ ಅಂದರು. ‘ದಾರ ಕಚ್ಚಿಕೊಳ್ಳದಿದ್ರೆ ಬಟ್ಟೆ ಜೊತೆ ನೆನಪೂ ಹೊಲಿದು ಹೋಗುತ್ತೆ ಅನ್ನೋಳು. ಆಮೇಲೆ, ದೊಡ್ಡವನಾದ ಮೇಲೆ, ಯುದ್ಧದಲ್ಲಿ, ಇನ್ನೊಬ್ಬ ಸಿಪಾಯಿ ಕೊಡ್ತಿದ್ದ.’ ಎದ್ದು ನಿಂತರು. ‘ನನ್ನ ನೆನಪೇನೂ ಹೊಲಿದು ಹೋಗಿಲ್ಲ, ಮಿಸ್ ವಾಸ್ಲರ್. ನಮಸ್ಕಾರ.’

ಹೋದದ್ದು ಹೋದರು, ಇವಳನ್ನು ಉರಿಯಲ್ಲಿಟ್ಟು ಹೋದರು. ಅದು ಒಪ್ಪಿಗೆಯೋ, ಎಚ್ಚರಿಕೆಯೋ? ಅಷ್ಟರಲ್ಲಿ ಸೆನ್ಸಾರಿನವರು ಆರನೇ ರೀಲನ್ನು ಮೂರು ಸಲ ನೋಡಿದರು ಎಂಬ ಸುದ್ದಿ ನಿರ್ಮಾಪಕ ಡನ್ಲೀವಿಯ ಕಿವಿಗೆ ಬಿತ್ತು. ಡನ್ಲೀವಿ ಕೆಟ್ಟವನಲ್ಲ, ಪುಕ್ಕಲ, ಅಷ್ಟೆ. ಪುಕ್ಕಲರಿಂದ ಆಗುವಷ್ಟು ಕೇಡು ಕೆಟ್ಟವರಿಂದ ಆಗುವುದಿಲ್ಲ, ಆ ಮಾತು ಬೇರೆ. ಅವನೂ ಆ ರೀಲು ಹಾಕಿಸಿಕೊಂಡು ನೋಡಿದ, ಕಿವಿ ಕೆಂಪಗೆ ಮಾಡಿಕೊಂಡ, ಇದು ಯಾರು ಹಾಕಿದ್ದು ಎಂದು ಕೇಳಿದ. ನಾನೇ ಅಂದಳು ಇರ್ಮಾ. ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ, ಅವಳ ಚಪ್ಪಟೆ ಬೂಟು, ಕತ್ತರಿಸಿದ ಕೂದಲು, ಉಂಗುರವಿಲ್ಲದ ಬೆರಳು. ನಾಳೆಯೇ ಕಿತ್ತು ಹಾಕು ಎಂದ. ಪತ್ರ ಬರಲಿ, ಅವರೇ ಹೇಳಿದರೆ ತೆಗೆಯೋಣ, ಅವರು ನೋಡಿ ಹೋದ ಮೇಲೆ ನಾವಾಗಿ ಮುಟ್ಟಿದರೆ ತಪ್ಪು ಮಾಡಿದ್ದೇವೆ ಅಂತ ನಾವೇ ಒಪ್ಪಿಕೊಂಡ ಹಾಗೆ ಎಂದು ಅವಳು ಅವನ ಪುಕ್ಕಲುತನವನ್ನೇ ಹಿಡಿದು ನಿಲ್ಲಿಸಿದಳು. ಶುಕ್ರವಾರದವರೆಗೆ ಗಡುವು ಸಿಕ್ಕಿತು.

ಆ ಮೂರು ದಿನ ಇರ್ಮಾಗೆ ಅನ್ನ ಸೇರಲಿಲ್ಲ. ಫ್ರೀಡಾ ಮಾಡಿದ ಕೋಳಿ ಸಾರು ತಟ್ಟೆಯಲ್ಲೇ ಆರಿತು. ಏನಾಯಿತು ಎಂದು ಕೇಳಿ ಕೇಳಿ ಕೊನೆಗೆ ಫ್ರೀಡಾ ಅವಳ ಬಾಯಿಂದ ಅರ್ಧ ವಿಷಯ ಹೊರಡಿಸಿದಳು. ಒಂದು ಸಣ್ಣ ದೃಶ್ಯ, ಹದಿನೆಂಟು ಸೆಕೆಂಡು, ಉಳಿದರೆ ಉಳಿಯಿತು, ಇಲ್ಲದಿದ್ದರೆ ಕೆಲಸಕ್ಕೇ ಸಂಚಕಾರ. ದೃಶ್ಯ ಏನೆಂದು ಮಾತ್ರ ಇರ್ಮಾ ಬಾಯಿಬಿಡಲಿಲ್ಲ.

‘ತೆಗೆದುಬಿಡೇ’ ಅಂದಳು ಫ್ರೀಡಾ. ‘ಹದಿನೆಂಟು ಸೆಕೆಂಡಿಗೆ ಹದಿನೆಂಟು ವರ್ಷ ಕಳ್ಕೊಳ್ಳೋಕೆ ನಾನು ತಯಾರಿಲ್ಲ.’

‘ನಾಡಿದ್ದಿನವರೆಗೆ ತಡಿ’ ಅಂದಳು ಇರ್ಮಾ. ಅವಳಿಗೂ ಆ ಮಾತು ಸರಿಯೆನಿಸಿತ್ತು. ಪತ್ರ ಬರದಿದ್ದರೆ ತನ್ನ ಕೈಯಾರೆ ಕಿತ್ತು ಹಾಕುವುದೆಂದು ಮನಸ್ಸು ಮಾಡಿಕೊಂಡಳು.

ಶುಕ್ರವಾರ ಹತ್ತು ಗಂಟೆಗೆ ಪತ್ರ ಬಂತು. ಡನ್ಲೀವಿ ಅದನ್ನು ಹಿಡಿದುಕೊಂಡು ಅವಳ ಕೋಣೆಗೇ ಬಂದು ಮೇಜಿನ ಮೇಲಿಟ್ಟ, ಮುಖ ಹರಳೆಣ್ಣೆ ಕುಡಿದವನ ಹಾಗಿತ್ತು. ತೊಟ್ಟಿ ಸ್ನಾನ ತೆಗೆಯತಕ್ಕದ್ದು. ಮುತ್ತು ಅರ್ಧ ಆಗತಕ್ಕದ್ದು. ಹಾಡು, ಬೈಗುಳ, ಒದ್ದೆ ರವಿಕೆ, ಎಲ್ಲ ಹೋಗತಕ್ಕದ್ದು. ಅದರ ಕೆಳಗೆ ಇನ್ನೊಂದು ಸಾಲು: ‘ಆರನೇ ರೀಲಿನಲ್ಲಿ ಗೆಳೆಯನು ಗುಂಡಿ ಹೊಲಿಯುವ ದೃಶ್ಯವು ವಿವಾಹದ ಗಾಂಭೀರ್ಯಕ್ಕೂ ನೆರೆಯವನ ಮೇಲಿನ ಪ್ರೀತಿಗೂ ತಕ್ಕುದಾಗಿದೆ. ಈ ದೃಶ್ಯ ಇಡಿಯಾಗಿ ಉಳಿಯಬೇಕೆಂಬ ಷರತ್ತಿನ ಮೇಲೆಯೇ ಒಪ್ಪಿಗೆ ಕೊಡಲಾಗಿದೆ. ಒಂದು ಫ್ರೇಮು ಕಡಿಮೆಯಾದರೂ ಮುದ್ರೆ ರದ್ದಾಗುತ್ತದೆ.’

ಹನ್ನೊಂದು ವರ್ಷದಲ್ಲಿ ತೆಗೆಯಿರಿ ಎಂದಲ್ಲದೆ ಉಳಿಸಿರಿ ಎಂದು ಆ ಕಚೇರಿಯಿಂದ ಒಂದು ಸಾಲೂ ಬಂದಿರಲಿಲ್ಲ. ಡನ್ಲೀವಿಗೆ ಈಗ ಮುಟ್ಟುವ ಹಾಗೇ ಇಲ್ಲ. ಸೆನ್ಸಾರಿನವರಿಗೇ ಬೇಕಂತೆ ಅಂದ ಮೇಲೆ ನನ್ನದೇನು ಎಂದು ಗೊಣಗಿಕೊಂಡು ಹೋದ, ಆಮೇಲೆ ಆ ವಿಷಯ ಎತ್ತಲಿಲ್ಲ. ಇರ್ಮಾ ಬಾಗಿಲು ಹಾಕಿಕೊಂಡು, ಕತ್ತರಿ ಕೆಳಗಿಟ್ಟು, ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಅಷ್ಟು ಸುಖವಾಗಿ ಅವಳು ಹಿಂದೆಂದೂ ಅತ್ತಿರಲಿಲ್ಲ.

ಆಗಸ್ಟಿನ ಒಂದು ಶನಿವಾರ ಮಧ್ಯಾಹ್ನ ಇಬ್ಬರೂ ಥಿಯೇಟರಿನಲ್ಲಿ ಕೂತಿದ್ದರು. ಕುದುರೆ ಸಿನಿಮಾಕ್ಕೆ ಯಾಕೆ ಕರಕೊಂಡು ಬಂದೆ ಎಂದು ಫ್ರೀಡಾ ಒಂದು ಗಂಟೆಯಿಂದ ಪಿಟಿಪಿಟಿ ಅನ್ನುತ್ತಿದ್ದಳು. ಆರನೇ ರೀಲು ಬಂತು. ನೌಕಾಪಡೆಯವನು ದಾರ ಕಡಿದು ಗೆಳೆಯನ ತುಟಿಯ ನಡುವೆ ಇಟ್ಟ. ಫ್ರೀಡಾಳ ಪಿಟಿಪಿಟಿ ನಿಂತಿತು. ಪಕ್ಕದ ಸೀಟಿನ ದಪ್ಪ ಹೆಂಗಸು ಪಾಪ್‌ಕಾರ್ನ್ ಮುಕ್ಕುತ್ತಿದ್ದಳು, ಹಿಂದೆ ಯಾರೋ ಆಕಳಿಸಿದರು. ಎಂಟುನೂರು ಜನ ನೋಡುತ್ತಿದ್ದರು, ಎಂಟುನೂರು ಜನಕ್ಕೂ ಅದು ಒಂದು ಗುಂಡಿ. ಅಥವಾ ಯಾರಿಗೆ ಗೊತ್ತು, ಆ ಕತ್ತಲಲ್ಲಿ ಇನ್ನೂ ಹತ್ತಿಪ್ಪತ್ತು ಜನ ಉಸಿರು ಹಿಡಿದು ಕೂತಿದ್ದರೋ ಏನೋ. ಫ್ರೀಡಾಳ ಕೈ ಬಂದು ಇರ್ಮಾಳ ತೋಳು ಹಿಡಿಯಿತು. ಇನ್ನೊಂದು ಕೈ ಅವಳ ಬಾಯಿಯ ಮೇಲಿತ್ತು. ಸಿನಿಮಾ ಮುಗಿದು ಎಲ್ಲ ಎದ್ದು ಹೋದರೂ ಅವಳು ಏಳಲಿಲ್ಲ, ಮುಂದಿನ ಆಟವನ್ನೂ ನೋಡಬೇಕೆಂದು ಹಟ ಹಿಡಿದಳು. ಎರಡನೇ ಸಲ ಆರನೇ ರೀಲು ಮುಗಿದದ್ದೇ ಎದ್ದು ಹೊರಟಳು. ಬಂದೂಕು ನನಗ್ಯಾಕೆ ಬೇಕು ಅಂದಳು.

ಬಸ್ಸಿನಲ್ಲಿ ಅವಳು ಕೇಳಿದ್ದು ಒಂದೇ: ‘ಆ ಮನುಷ್ಯನಿಗೆ ಥ್ಯಾಂಕ್ಸ್ ಹೇಳಿದ್ಯಾ?’

ಹೇಳುವುದು ಹೇಗೆ? ಅದೇ ಕಷ್ಟ. ಇರ್ಮಾ ಮೂರು ಪತ್ರ ಬರೆದಳು, ಮೂರನ್ನೂ ಹರಿದಳು. ಯಾತಕ್ಕೆ ಥ್ಯಾಂಕ್ಸ್ ಎಂದು ಬರೆದರೆ ಅದೇ ಸಾಕ್ಷಿ, ಅವಳ ಮೇಲೂ, ಅವರ ಮೇಲೂ. ಗಸಗಸೆ ಕೇಕು ಮಾಡಿ ಕಳಿಸೋಣ ಅಂದಳು ಫ್ರೀಡಾ. ಸೆನ್ಸಾರಿನವರು ಸ್ಟುಡಿಯೋದವರಿಂದ ಒಂದು ಲೋಟ ನೀರಿಗಿಂತ ಹೆಚ್ಚೇನೂ ಮುಟ್ಟುವಂತಿರಲಿಲ್ಲ. ಬೇಸಿಗೆ ಹೋಯಿತು, ಋಣ ಎದೆಯ ಮೇಲೆ ಹಾಗೇ ಕೂತಿತ್ತು. ಅದು ಭಾರ ಅನಿಸಲಿಲ್ಲ, ಅವಳಿಗೆ. ಬೆಳಗ್ಗೆ ಎದ್ದರೆ ಒಂದು ಒಳ್ಳೇ ಸುದ್ದಿ ನೆನಪಾದ ಹಾಗಿರುತ್ತಿತ್ತು.

ನವೆಂಬರಿನಲ್ಲಿ ಗ್ರಬೆಕ್ ಇನ್ನೊಂದು ಸಿನಿಮಾ ನೋಡಲು ಬಂದರು. ಅದೇ ಕೋಟು, ಅದೇ ಪೆನ್ಸಿಲ್. ಆದರೆ ಕೋಟಿನ ಮೇಲಿನಿಂದ ಎರಡನೇ ಗುಂಡಿ ಒಂದೇ ಎಳೆಯಲ್ಲಿ ಜೋತಾಡುತ್ತಿತ್ತು. ಅವರ ಕೋಟಿನಲ್ಲಿ ಅಂಥದ್ದನ್ನು ಯಾರೂ ಎಂದೂ ಕಂಡಿರಲಿಲ್ಲ. ಅದು ತಾನಾಗಿ ಸಡಿಲಾಗಿತ್ತೋ, ಅವರೇ ಹಾಗೆ ಬಿಟ್ಟಿದ್ದರೋ, ಇರ್ಮಾಗೆ ಕೊನೆಯವರೆಗೂ ತಿಳಿಯಲಿಲ್ಲ.

‘ಸಾಹೇಬ್ರೇ, ಗುಂಡಿ ಬೀಳುತ್ತೆ’ ಎಂದಳು. ‘ಒಂದು ನಿಮಿಷ ನಿಂತ್ಕೊಳ್ಳಿ.’

ಅವಳ ಚೀಲದಲ್ಲಿ ಫ್ರೀಡಾ ಇಟ್ಟಿದ್ದ ಸೂಜಿದಾರ ಯಾವಾಗಲೂ ಇರುತ್ತಿತ್ತು. ಕಪ್ಪು ದಾರ ಪೋಣಿಸಿದಳು. ಹೊಲಿಗೆ ಶುರು ಮಾಡುವ ಮೊದಲು ಬೆರಳುದ್ದದ ಇನ್ನೊಂದು ದಾರ ಕಡಿದು ಅವರ ಮುಖದ ಮುಂದೆ ಹಿಡಿದಳು. ಗ್ರಬೆಕ್ ಆ ದಾರವನ್ನು ನೋಡಿದರು, ಅವಳನ್ನು ನೋಡಿದರು. ಬಾಯಲ್ಲಿದ್ದ ಪೆಪ್ಪರಮಿಂಟನ್ನು ಕರವಸ್ತ್ರದಲ್ಲಿ ಸುತ್ತಿಟ್ಟರು. ಆಮೇಲೆ ಇಗರ್ಜಿಯಲ್ಲಿ ಪಾದ್ರಿಯ ಮುಂದೆ ನಿಂತವರಂತೆ ಕಣ್ಣು ಮುಚ್ಚಿ ಬಾಯಿ ತೆರೆದರು. ಅವಳು ದಾರ ಇಟ್ಟಳು. ತುಟಿ ಮುಚ್ಚಿತು.

ಗುಂಡಿಗೆ ನಾಲ್ಕು ತೂತು. ಅವಳು ನಿಧಾನವಾಗಿ, ಒಂದೊಂದಕ್ಕೂ ಮೂರು ಮೂರು ಸಲ, ಗಟ್ಟಿಯಾಗಿ ಹೊಲಿದಳು. ಬಾಯಲ್ಲಿ ದಾರ ಇರುವಾಗ ಮಾತಾಡಬಾರದು, ಇಬ್ಬರಿಗೂ ಗೊತ್ತಿತ್ತು. ಒಮ್ಮೆ ಮಾತ್ರ ಮುದುಕರ ಕಣ್ಣಿಂದ ಒಂದು ಹನಿ ಅವಳ ಮಣಿಕಟ್ಟಿನ ಮೇಲೆ ಬಿತ್ತು. ಅವಳು ಒರೆಸಿಕೊಳ್ಳಲಿಲ್ಲ. ಗಂಟು ಹಾಕಿ, ಬಗ್ಗಿ, ದಾರವನ್ನು ಹಲ್ಲಿನಿಂದ ಕಡಿದಳು. ಆಮೇಲೆ ಎರಡು ಬೆರಳಿನಲ್ಲಿ ಅವರ ತುಟಿಯಿಂದ ಆ ತುಣುಕನ್ನು ತೆಗೆದು ಅವರ ಅಂಗೈಗೆ ಹಾಕಿದಳು.

ಗ್ರಬೆಕ್ ಅದನ್ನು ಮಡಿಸಿ ಜೇಬಿನ ಪಾಕೀಟಿನಲ್ಲಿ, ಒಂದು ಹಳೆಯ ಫೋಟೋದ ಹಿಂದೆ, ಇಟ್ಟುಕೊಂಡರು. ಮೂರನೇ ಸಾಲಿಗೆ ಹೋಗಿ ಕೂತರು, ಪೆನ್ಸಿಲ್ ತೆಗೆದರು.

‘ಇವತ್ತು ಎಷ್ಟು, ಮಿಸ್ ವಾಸ್ಲರ್?’ ಎಂದು ಕೇಳಿದರು.

‘ಎರಡೇ, ಸಾಹೇಬ್ರೇ’ ಅಂದಳು ಇರ್ಮಾ, ಮತ್ತು ದೀಪ ಆರಿಸಿದಳು.